ಬು ಪಾರ್ತಿಯ ಕೈ ಒಂದು ಕಡೆ, ಕಿವಿ ಒಂದು ಕಡೆ

ಜಾವಾ ದ್ವೀಪದ ಲಾವೆಯಾನಿನ ಓಣಿಗಳಲ್ಲಿ ಸುಪಾರ್ತಿಯ ಕೈ ತಾಗದ ಬೆನ್ನು ಅಪರೂಪ. ಬಾತಿಕ್ ಬಟ್ಟೆಯ ಮೇಲೆ ದಿನವಿಡೀ ಮೇಣ ಬರೆದು ಸೊಂಟ ಹಿಡಿದುಕೊಂಡ ಹೆಂಗಸರು, ಬಣ್ಣದ ಹಂಡೆ ಎತ್ತಿ ತೋಳು ಉಳುಕಿಸಿಕೊಂಡ ಗಂಡಸರು, ಬಾಣಂತಿಯರು, ಮುದುಕರು, ಎಲ್ಲರಿಗೂ ಅವಳು ಬು ಪಾರ್ತಿ; ಅಲ್ಲಿ ಗೌರವಕ್ಕೆ ಹೆಂಗಸರನ್ನು ಬು, ಗಂಡಸರನ್ನು ಪಾಕ್ ಎನ್ನುವುದು ರೂಢಿ. ಆರನೇ ವರ್ಷದಲ್ಲಿ ದಡಾರ ಬಂದು ಎರಡೂ ಕಣ್ಣು ಹೋಗಿದ್ದವು. ಸೋಲೊ ಪಟ್ಟಣದ ಕುರುಡು ಮಕ್ಕಳ ಶಾಲೆಯಲ್ಲಿ ಚುಕ್ಕಿ ಅಕ್ಷರ ಕಲಿತಳು, ಮಾಲೀಶು ಕಲಿತಳು. ಹದಿನೆಂಟಕ್ಕೆ ಕೆಲಸಕ್ಕಿಳಿದವಳು ಐವತ್ತೆರಡು ತುಂಬಿದರೂ ಒಂದು ವಾರ ಸುಮ್ಮನೆ ಕುಳಿತವಳಲ್ಲ.

ಅವಳ ಕೈಗೆ ಎಷ್ಟು ಹೆಸರಿತ್ತೋ ನೆನಪಿಗೂ ಅಷ್ಟೇ ಹೆಸರು. ನೂರ ನಲವತ್ತು ಗಿರಾಕಿಗಳ ಫೋನ್ ನಂಬರು ಅವಳ ಬಾಯಲ್ಲಿ ಇದ್ದವು. ಗುಂಡಿ ಒತ್ತುವ ಹಳೇ ಫೋನಿನ ಮೇಲೆ ಹೆಬ್ಬೆರಳು ಓಡಿಸಿದರೆ ಸಾಕು, ಬೇಕಾದವರು ಸಿಗುತ್ತಿದ್ದರು. ಗಂಡ ಲಾಸಿಮನ್ ಬೆಚಾಕ್ ಸೈಕಲ್ ರಿಕ್ಷಾ ತುಳಿಯುವವನು, ಹೆಂಡತಿಯನ್ನು ಮನೆ ಮನೆಗೆ ಬಿಡುವವನೂ ಅವನೇ. "ನನ್ ಹೆಂಡ್ತಿ ತಲೇಲಿ ಒಂದು ಟೆಲಿಫೋನ್ ಆಫೀಸೇ ಐತೆ" ಎಂದು ಟೀ ಅಂಗಡಿಯಲ್ಲಿ ಕೊಚ್ಚಿಕೊಳ್ಳುತ್ತಿದ್ದ.

ಆದರೆ ಬರಬರುತ್ತಾ ಫೋನ್ ಬಡಿದುಕೊಳ್ಳುವುದೇ ಕಡಿಮೆಯಾಯಿತು. ಒಂದು ದಿನ ಬಾತಿಕ್ ಅಂಗಡಿಯ ಯಜಮಾನಿ ದಾರಿಯಲ್ಲಿ ಸಿಕ್ಕಿ, "ಏನ್ ಬು ಪಾರ್ತಿ, ಅಷ್ಟು ದೊಡ್ಡೋರಾಗ್ಬಿಟ್ರಾ? ಮೂರು ಸಲ ಮೆಸೇಜ್ ಕಳ್ಸಿದೀನಿ, ನೋಡೇ ಇಲ್ವಲ್ಲ!" ಎಂದಳು.

"ನೋಡೋದಾ? ನಾನಾ?" ಎಂದು ಪಾರ್ತಿ ನಕ್ಕಳು. ಯಜಮಾನಿ ನಾಲಿಗೆ ಕಚ್ಚಿಕೊಂಡಳು. ಆದರೆ ಆ ನಗು ಮನೆ ಮುಟ್ಟುವ ಹೊತ್ತಿಗೆ ಆರಿಹೋಗಿತ್ತು. ಜನ ಈಗ ಕರೆ ಮಾಡುವುದಿಲ್ಲ, ಬರೆದು ಕಳಿಸುತ್ತಾರೆ. ತನಗೆ ಗೊತ್ತೇ ಆಗದ ಹಾಗೆ ಎಷ್ಟು ಬೆನ್ನುಗಳು ಬೇರೆಯವರ ಕೈ ಸೇರಿದವೋ!

ಮುಂದಿನ ಭಾನುವಾರ ಕುರುಡು ಮಾಲೀಶುದಾರರ ಸಂಘದ ಸಭೆ. ತಿಂಗಳ ಚೀಟಿ ಆ ಸಲ ಪಾರ್ತಿಗೇ ಬಂತು. ಅವಳು ಎದ್ದು ನಿಂತು, "ನಾನೂ ಬಂದದ್ದನ್ನ ಓದಿ ಹೇಳೋ ಫೋನ್ ತಗೋತೀನಿ. ಯಾವ್ದು ತಗೊಳ್ಲಿ, ಹೇಳಿ" ಎಂದಳು.

ಹಾಗೆ ಕೇಳಿದ್ದೇ ತಪ್ಪಾಯಿತು. ಸಂಘದಲ್ಲಿ ಹರ್ಯೊನೊ ಮತ್ತು ತಿತಿಕ್ ಎಂಬ ಗಂಡಹೆಂಡತಿ ಇದ್ದರು, ಇಬ್ಬರಿಗೂ ಕಣ್ಣಿಲ್ಲ. ಹರ್ಯೊನೊ ಬಡಾವಣೆಯ ರೇಡಿಯೊದಲ್ಲಿ ಮಾತಾಡುವವನು, ಐಫೋನ್ ಭಕ್ತ. ತಿತಿಕ್ ಶಾಲೆಯಲ್ಲಿ ಚುಕ್ಕಿ ಅಕ್ಷರ ಕಲಿಸುವವಳು, ಆಂಡ್ರಾಯ್ಡ್ ಬಿಟ್ಟು ಬೇರೇನನ್ನೂ ಮುಟ್ಟಳು.

"ಬು, ಐಫೋನ್ ತಗೊಳ್ಳಿ, ಕಣ್ಣು ಮುಚ್ಕೊಂಡು ತಗೊಳ್ಳಿ" ಎಂದ ಹರ್ಯೊನೊ.

"ಕಣ್ಣು ಮುಚ್ಕೊಂಡೇ ತಗೋಬೇಕು, ಬಿಚ್ಚಿದ್ರೇನು ಕಾಣುತ್ತೆ?" ಎಂದಳು ತಿತಿಕ್. ಸಭೆ ಗೊಳ್ಳೆಂದಿತು. "ಬು, ಇವ್ರ ಫೋನಿನ ದುಡ್ಡಲ್ಲಿ ನಮ್ದು ಎರಡು ಬರುತ್ತೆ. ಒಂದು ಹಾಳಾದ್ರೆ ಇನ್ನೊಂದಿರುತ್ತೆ."

"ಹಾಳಾಗೋದನ್ನ ಮೊದ್ಲೇ ಒಪ್ಕೊಂಡ್ಳು ನೋಡಿ!"

"ಮಾಸ್, ನಿಮ್ ಫೋನ್ ಹಾಳಾಗಲ್ಲ, ಸಾಲ ತೀರೋವರ್ಗೂ ಅದಕ್ಕೆ ಆಯುಸ್ಸು ಗಟ್ಟಿ" ಎಂದಳು ತಿತಿಕ್. ಗಂಡನನ್ನೂ ಅಣ್ಣನಂಥವರನ್ನೂ ಅಲ್ಲಿ ಮಾಸ್ ಎಂದೇ ಕರೆಯುವುದು.

ಹಿಂದಿನಿಂದ ಯಾರೋ, "ಒಂದೇ ಹಾಸಿಗೆ, ಎರಡು ಚಾರ್ಜರ್!" ಎಂದು ಕೂಗಿದರು. ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಕೊನೆಗೆ ಪಾರ್ತಿಯೇ ತೀರ್ಮಾನ ಕೊಟ್ಟಳು. "ಬಾಯಿ ಮಾತು ಬೇಡ. ಬೆನ್ನು ಮುಟ್ಟಿ ನೋಡ್ದೆ ನಾನು ಯಾರ ನೋವನ್ನೂ ಹೇಳಲ್ಲ. ಇಬ್ರೂ ಒಂದೊಂದು ಕೊಡಿ. ನನ್ ಸಿಮ್ ಹಾಕ್ಕೊಂಡು ಐದೈದು ದಿನ ಇಟ್ಕೋತೀನಿ."

ಮೊದಲು ಬಂದದ್ದು ಹರ್ಯೊನೊನ ಹಳೇ ಐಫೋನ್. ಕೈಗಿಟ್ಟ ಕೂಡಲೇ ಪಾರ್ತಿಗೆ ಎದೆ ಝಲ್ಲೆಂದಿತು. ಗುಂಡಿಯಿಲ್ಲ, ಅಂಚಿಲ್ಲ, ಬರೀ ನುಣುಪು ಗಾಜು. ನೀರಿನಿಂದ ಎತ್ತಿದ ಮೀನನ್ನು ಅಂಗೈಗೆ ಕೊಟ್ಟ ಹಾಗಿತ್ತು. ಬೆರಳು ತಾಗಿದಲ್ಲೆಲ್ಲ ಒಳಗಿಂದ ಹೆಂಗಸೊಬ್ಬಳು ಇಂಡೋನೇಷ್ಯನ್ ಭಾಷೆಯಲ್ಲಿ ಪಟಪಟನೆ ಉಲಿಯುತ್ತಿದ್ದಳು.

"ಹೆದರ್ಬೇಡಿ ಬು. ಬಲಕ್ಕೆ ಸವರಿ, ಮುಂದಿಂದು ಓದುತ್ತೆ. ಎರಡು ಸಲ ತಟ್ಟಿ, ತೆರ್ಕೊಳ್ಳುತ್ತೆ. ಈಗ ಎರಡು ಬೆರಳಿಟ್ಟು ರೇಡಿಯೊ ತಿರುಪೋ ಹಾಗೆ ತಿರುಪಿ" ಎಂದ ಹರ್ಯೊನೊ.

ಪಾರ್ತಿ ತಿರುಪಿದಳು. ಒಂದು ತಿರುವಿಗೆ ಅಕ್ಷರ ಅಕ್ಷರವಾಗಿ ಓದಿತು, ಇನ್ನೊಂದು ತಿರುವಿಗೆ ಪದ ಪದವಾಗಿ. ಅವಳು ಕುಳಿತಲ್ಲೇ ಜಿಗಿದಳು. "ಅಯ್ಯೋ, ಇದು ಭುಜದ ಗಂಟು ಬಿಡ್ಸೋ ತಿರುವು ಕಣ್ರೀ! ಮೂವತ್ನಾಲ್ಕು ವರ್ಷದಿಂದ ಇದನ್ನೇ ಮಾಡ್ತಿದೀನಿ!"

ಅಲ್ಲಿಂದ ಅವಳನ್ನು ಹಿಡಿಯುವವರೇ ಇಲ್ಲ. ಸಂಜೆಯೊಳಗೆ ಬಾತಿಕ್ ಯಜಮಾನಿಯ ಸಂದೇಶ ತಾನೇ ಕೇಳಿಸಿಕೊಂಡು, ತಾನೇ ಮಾತಾಡಿ ಉತ್ತರ ಕಳಿಸಿದಳು. ಮರುದಿನ ನಾಲ್ಕು ಗಿರಾಕಿಗಳು, ಅದರ ಮರುದಿನ ಆರು. ಹೊಸ ಸಂದೇಶ ಬಂದಾಗಲೆಲ್ಲ ಅಡುಗೆಮನೆಯಿಂದ ಗಂಡನಿಗೆ, "ಪಾಕ್! ಇನ್ನೊಂದು ಬಂತು!" ಎಂದು ಕೂಗುತ್ತಿದ್ದಳು. ಲಾಸಿಮನ್ ಆ ಫೋನನ್ನು ತಿರುಗಿಸಿ ಮುರುಗಿಸಿ ನೋಡಿ, "ನಂಗೆ ಇದು ಬಚ್ಚಲ ಹೆಂಚಿನ ಚೂರಿನ ಹಾಗೆ ಕಾಣ್ತದೆ ಬು. ನಿಂಗೆ ಏನೇನು ಕಾಣ್ತದೋ!" ಎನ್ನುತ್ತಿದ್ದ.

ಒಂದೇ ತೊಡಕು. ಲಾವೆಯಾನಿನ ಜನ ಆಡುವುದು ಜಾವಾ ಮಾತು, ಎಷ್ಟೋ ಜನ ಬರೆಯುವುದೂ ಅದರಲ್ಲೇ. ಫೋನಿನೊಳಗಿನ ಹೆಂಗಸಿಗೆ ಅದು ಬಾರದು. ಜಕಾರ್ತಾದ ಕಚೇರಿಯಲ್ಲಿ ಕುಳಿತವಳ ಹಾಗೆ ಜಾವಾ ಪದಗಳನ್ನು ತನ್ನ ಉಚ್ಚಾರಕ್ಕೆ ಬಗ್ಗಿಸಿ ಗಡಗಡ ಓದಿಬಿಡುತ್ತಿದ್ದಳು. ಹರ್ಯೊನೊ ಎಷ್ಟು ತಡಕಿದರೂ ಆ ಫೋನಿನಲ್ಲಿ ಜಾವಾ ದನಿ ಸಿಗಲಿಲ್ಲ. ಚಿಕ್ಕ ಚಿಕ್ಕ ಮಾತುಗಳನ್ನು ಪಾರ್ತಿ ಹೇಗೋ ಊಹಿಸುತ್ತಿದ್ದಳು. ಹೊಸ ನಂಬರಿನಿಂದ ಎರಡು ಉದ್ದನೆಯ ಸಂದೇಶ ಬಂದವು, ತಲೆಬುಡ ತಿಳಿಯಲಿಲ್ಲ. ಸಾಲ ಕೊಡುತ್ತೇವೆ ಎನ್ನುವವರ ಕಾಟ ಇರಬೇಕೆಂದು ಎರಡನ್ನೂ ಅಳಿಸಿ ಹಾಕಿದಳು.

ಐದು ದಿನ ಮುಗಿದ ಮೇಲೆ ತಿತಿಕ್ ತನ್ನ ಹಳೇ ಆಂಡ್ರಾಯ್ಡ್ ತಂದುಕೊಟ್ಟಳು. ಪಾರ್ತಿಯ ಕೈ ಅದಕ್ಕೆ ಒಗ್ಗಲೇ ಇಲ್ಲ. ಮೇಲೆ ಸವರಿ ಬಲಕ್ಕೆ ಕೊಕ್ಕೆ ಹಾಕು, ಮೂರು ಬೆರಳಲ್ಲಿ ಕೆಳಗೆ ಎಳೆ, ಹೀಗೆ ಬೇರೆಯೇ ಪಾಠ. ಐಫೋನಿನ ತಿರುವು ಬೆರಳಲ್ಲಿ ಕೂತುಬಿಟ್ಟಿತ್ತು, ಹೊಸತು ಹತ್ತಲಿಲ್ಲ. ಮೊದಲ ದಿನವೇ ಅವಳಿಗೆ ಗೊತ್ತಿಲ್ಲದೆ ಓಣಿಯ ಮುಖಂಡನಿಗೆ ಐದು ಸಲ ಕರೆ ಹೋಯಿತು. ಆರನೆಯ ಸಲ ಆತ ಪೂರಾ ಗಾಬರಿಯಾಗಿ ಲುಂಗಿಯಲ್ಲೇ ಓಡಿಬಂದು, "ಎಲ್ಲಿ ಬೆಂಕಿ?" ಎಂದು ಬಾಗಿಲಲ್ಲಿ ನಿಂತಿದ್ದ.

"ಬೆಂಕಿ ಎಲ್ಲೂ ಇಲ್ಲ ಪಾಕ್, ನನ್ ಬೆರಳಿಗೆ ಹತ್ಕೊಂಡಿದೆ" ಎಂದು ಪಾರ್ತಿ ಟೀ ಕೊಟ್ಟು ಕಳಿಸಿದಳು.

ಮೂರನೆಯ ದಿನ ಬೆಳಗ್ಗೆ ಅನ್ನಕ್ಕೆ ಕರಿದ ತೆಂಪೆ, ಅಂದರೆ ಸೋಯಾಕಾಳಿನ ಬಿಲ್ಲೆ, ನಂಚಿಕೊಂಡು ತಿನ್ನುತ್ತ ಗಂಡನಿಗೆ ಹೇಳಿದಳು: "ಪಾಕ್, ನಾನು ಐಫೋನೇ ತಗೋತೀನಿ. ಕೈಗೆ ಒಪ್ಪಿದ್ದು ಮನಸ್ಸಿಗೂ ಒಪ್ಪುತ್ತೆ. ದುಡ್ಡು ಸ್ವಲ್ಪ ಜಾಸ್ತಿ ಆಗ್ಲಿ."

ಅಷ್ಟರಲ್ಲಿ ಫೋನು ಟಿಂಗ್ ಎಂದಿತು. ತಿತಿಕ್ ಹಿಂದಿನ ರಾತ್ರಿಯಷ್ಟೇ ಅದರ ದನಿ ಬದಲಾಯಿಸಿ, ಓದುವ ವೇಗ ತಗ್ಗಿಸಿ ಹೋಗಿದ್ದಳು. ಪಾರ್ತಿ ಎಡಗೈಯಿಂದ ತಟ್ಟಿದಳು. ಗಾಜಿನೊಳಗಿಂದ ಜಾವಾ ಮಾತು ಬಂತು. ಓಣಿಯ ಜಾವಾ ಅಲ್ಲ, ಹಿರಿಯರಿಗೆ, ದೊಡ್ಡವರಿಗೆ ಮೀಸಲಾದ ಮೇಲ್ಮಟ್ಟದ ಜಾವಾ. ಒಂದೊಂದು ಪದವೂ ಕೈಮುಗಿದು ನಿಂತ ಹಾಗಿತ್ತು.

"ಶ್ರೀಮತಿ ಸುಪಾರ್ತಿಯವರ ಸನ್ನಿಧಿಗೆ. ಮೂರನೆಯ ಸಲ ತಮಗೆ ತೊಂದರೆ ಕೊಡುತ್ತಿರುವುದನ್ನು ಮನ್ನಿಸಬೇಕು. ನನ್ನ ಕತ್ತು ಹತ್ತು ದಿನದಿಂದ ತಿರುಗುತ್ತಿಲ್ಲ. ಇಂದು ಸಂಜೆ ನಾಲ್ಕಕ್ಕೆ ಹಳೆಯ ಸಂಗಡಿಗರೊಡನೆ ರೆಬಾಬ್ ನುಡಿಸುವುದಿದೆ. ಬಹುಶಃ ಇದೇ ಕೊನೆಯದು. ತಮ್ಮ ಕೈ ಬಿಟ್ಟರೆ ಈ ಕತ್ತಿನ ಗುಟ್ಟು ಬೇರೆ ಯಾರಿಗೂ ತಿಳಿಯದು. ತಾವು ದಯಮಾಡಿಸುವುದಾದರೆ ಋಣಿ. ಪ್ರಾವಿರೊ, ಕೆಮ್ಲಯಾನ್."

ಪಾರ್ತಿಯ ತುತ್ತು ತಟ್ಟೆಗೇ ಬಿತ್ತು.

ಎಯಾಂಗ್ ಪ್ರಾವಿರೊ, ಪ್ರಾವಿರೊ ಅಜ್ಜ! ಅರಮನೆಯ ಮೇಳದಲ್ಲಿ ನಲವತ್ತು ವರ್ಷ ರೆಬಾಬ್‌ನ ಎರಡು ತಂತಿಗಳ ಮೇಲೆ ಕಮಾನು ಎಳೆದ ಮುದುಕ. ಹನ್ನೊಂದು ವರ್ಷ ಪ್ರತಿ ಮಂಗಳವಾರ ಅವರ ಕತ್ತು, ಬಲಭುಜ ಪಾರ್ತಿಯ ಕೈಯಲ್ಲಿದ್ದವು. ಬಾ ಎಂದು ಕರೆ ಮಾಡುತ್ತಿದ್ದುದು ಅವರ ಹೆಂಡತಿ. ಎರಡು ವರ್ಷದ ಹಿಂದೆ ಆ ತಾಯಿ ತೀರಿಕೊಂಡರು. ಆಮೇಲೆ ಕರೆ ಬರಲಿಲ್ಲ. ಒಂಟಿ ಗಂಡಸಿನ ಮನೆ, ಕರೆಯದೆ ಹೋಗುವುದು ಹೇಗೆ ಎಂದು ಪಾರ್ತಿ ಸುಮ್ಮನಾದಳು. ಪರಸ್ತ್ರೀಗೆ ತಾನಾಗಿ ಕರೆ ಮಾಡುವುದು ಮರ್ಯಾದೆಯಲ್ಲ ಎಂದು ಅವರೂ ಸುಮ್ಮನಿದ್ದರಂತೆ. ಈಗ ಮೊಮ್ಮಗಳು ಫೋನು ಕೊಡಿಸಿ ಬರೆಯಲು ಕಲಿಸಿದ ಮೇಲೆ ಧೈರ್ಯ ಬಂದಿತ್ತು. ಅಳಿಸಿ ಹಾಕಿದ ಆ ಎರಡು ಸಂದೇಶ ನೆನಪಾಗಿ ಪಾರ್ತಿಯ ಮೈ ಬಿಸಿಯಾಯಿತು.

ಮೈಕಿನ ಗುಂಡಿ ಹುಡುಕಿ ಒತ್ತಿ, ಆದಷ್ಟು ಮೇಲ್ಮಟ್ಟದ ಮಾತಿನಲ್ಲಿ, "ಎಯಾಂಗ್, ತಾವು ಅಲುಗಾಡದೆ ಮಲಗಿರಬೇಕು, ತಮ್ಮ ಸೇವಕಿ ಈಗಲೇ ಹೊರಟಳು" ಎಂದಳು. ನಿಲ್ಲಿಸುವ ಗುಂಡಿ ಬೆರಳಿಗೆ ಸಿಗಲಿಲ್ಲ. ಅಷ್ಟು ತಾಳ್ಮೆಯೂ ಇರಲಿಲ್ಲ. "ಪಾಕ್! ಎದ್ದೇಳ್ರಿ! ಬೆಚಾಕ್ ತೆಗೀರಿ! ಆ ಹರಕಲು ಚಡ್ಡಿ ಬದಲಾಯಿಸ್ತಾ ಕೂರ್ಬೇಡಿ, ನಿಮ್ಮನ್ನ ಯಾರೂ ಮದುವೆ ಆಗಲ್ಲ!" ಫೋನು ಅದನ್ನೂ ಅಕ್ಷರ ಬಿಡದೆ ಬರೆದುಕೊಂಡಿತು, ಅವಳು ತಡಕುತ್ತ ಒತ್ತಿದ ಗುಂಡಿಗೆ ಎಲ್ಲವೂ ಒಟ್ಟಿಗೇ ಹೋಯಿತು.

ಎಣ್ಣೆಯ ಸೀಸೆ, ಟವೆಲು, ಬಿಳಿ ಕೋಲು. ಲಾಸಿಮನ್ ಆ ದಿನ ತುಳಿದ ಹಾಗೆ ಮದುವೆಯಾದ ಹೊಸತರಲ್ಲೂ ತುಳಿದಿರಲಿಲ್ಲ. ಮುಂದಿನ ಆಸನದಲ್ಲಿ ಪಾರ್ತಿ ಸೀಸೆ ಅಪ್ಪಿಕೊಂಡು ಕುಳಿತಿದ್ದಳು. ಮುಖಕ್ಕೆ ಗಾಳಿ ರಪರಪ ಬಡಿಯುತ್ತಿತ್ತು.

"ಬಲಕ್ಕೆ ಬಸ್ ಬಂತು, ಗಟ್ಟಿ ಹಿಡ್ಕೊ!"

"ಬಸ್ಸಿಗೆ ಕಾಯ್ಬೇಡಿ, ತುಳೀರಿ!"

"ನಂಗೆ ಐವತ್ತೇಳು ಕಣೇ!"

"ಎಯಾಂಗ್‌ಗೆ ಎಪ್ಪತ್ತೆಂಟು, ಅವ್ರು ಸಂಜೆ ನುಡಿಸ್ತಾರಂತೆ! ತುಳೀರಿ!"

ಕೆಮ್ಲಯಾನಿನ ಮನೆಯಲ್ಲಿ ಮುದುಕರು ಚಾಪೆಯ ಮೇಲೆ ಮರದ ತುಂಡಿನ ಹಾಗೆ ಮಲಗಿದ್ದರು. ಕತ್ತು ನೋಯುತ್ತಿದ್ದರೂ ನಗುತ್ತಿದ್ದರು. "ಬನ್ನಿ ಸುಪಾರ್ತಿಯವರೇ. ನಿಮ್ಮ ಯಜಮಾನರು ಚಡ್ಡಿ ಬದಲಾಯಿಸಿದರೋ ಇಲ್ಲವೋ?"

ಪಾರ್ತಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ನೆಲ ಬಿರಿಯಬಾರದೇ ಅನ್ನಿಸಿತು. ಲಾಸಿಮನ್ ಮಾತ್ರ ಬಾಗಿಲಲ್ಲಿ ಏದುಸಿರು ಬಿಡುತ್ತಾ, "ಇಲ್ಲ ಎಯಾಂಗ್, ಅಪ್ಪಣೆ ಸಿಗಲಿಲ್ಲ" ಎಂದ.

ಅವಳು ಕೈಗೆ ಎಣ್ಣೆ ಹಚ್ಚಿ ಕತ್ತಿನ ಬುಡ ಮುಟ್ಟಿದಳು. ಎರಡು ವರ್ಷದಲ್ಲಿ ಎಷ್ಟು ಸವೆದಿತ್ತು ಆ ಮೈ! ಆದರೆ ಗಂಟು ಹಳೇ ಜಾಗದಲ್ಲೇ ಇತ್ತು, ಬಲಗಡೆ ರೆಕ್ಕೆಮೂಳೆಯ ಒಳಅಂಚಿನಲ್ಲಿ. ಕತ್ತನ್ನು ತಿರುಚಲು ಹೋಗಲಿಲ್ಲ. ತೋಳಿನಿಂದ ಹತ್ತಿ, ಭುಜ ಸಡಿಲಿಸಿ, ಒಂದೂವರೆ ಗಂಟೆ ಮೆಲ್ಲಗೆ ಗಂಟಿನ ಸುತ್ತ ಸುತ್ತಿದಳು. ಆಮೇಲೆ ಎರಡು ಬೆರಳಿಟ್ಟು ತಿರುವಿದಳು. ಒಳಗೆ ಏನೋ ಹಗ್ಗ ಜಾರಿದ ಹಾಗೆ ಜಾರಿತು. "ಹಾ!" ಎಂದರು ಎಯಾಂಗ್. ಅವರ ಕತ್ತು ಎಡಕ್ಕೆ ಹೊರಳಿತು, ಬಲಕ್ಕೆ ಹೊರಳಿತು.

ನಾಲ್ಕಕ್ಕೆ ಪಕ್ಕದ ಮಂಟಪದಲ್ಲಿ ಕಂಚಿನ ವಾದ್ಯಗಳು ಮೊಳಗಿದವು. ಗಂಡಹೆಂಡತಿಯನ್ನು ಎಯಾಂಗ್ ಹಿಂದೆ ಬಿಡಲಿಲ್ಲ, ಮುಂದಿನ ಸಾಲಿನ ಚಾಪೆಯಲ್ಲೇ ಕೂರಿಸಿದ್ದರು. ರೆಬಾಬ್‌ನ ದನಿ ಎದ್ದು, ಎಲ್ಲ ವಾದ್ಯಗಳ ನಡುವೆ ದಾರಿ ಮಾಡಿಕೊಂಡು ಹೊರಟಾಗ ಪಾರ್ತಿಯ ಬೆರಳುಗಳು ತಮ್ಮಷ್ಟಕ್ಕೆ ಕುಣಿದವು. ಕಮಾನು ಎಳೆಯುವ ಆ ಭುಜ ಸಡಿಲವಾಗಿ ಓಡುತ್ತಿದೆ ಎಂದು ದನಿಯಿಂದಲೇ ಅವಳಿಗೆ ಗೊತ್ತಾಗುತ್ತಿತ್ತು. ಖುಷಿಗೆ ಲಾಸಿಮನ್‌ನ ತೊಡೆಗೆ ಎಷ್ಟು ಜೋರಾಗಿ ಗುದ್ದಿದಳೆಂದರೆ ಅವನು "ಅಮ್ಮಾ" ಎಂದ.

ಮರುದಿನ ಸಿಂಗೊಸಾರೆನ್ ಮಾರುಕಟ್ಟೆಯ ಫೋನ್ ಅಂಗಡಿಗೆ ನಾಲ್ವರೂ ಹೋದರು. ಹರ್ಯೊನೊ ಗೆದ್ದವನ ಹಾಗೆ ಗಂಟಲು ಸರಿಮಾಡಿಕೊಂಡ. ಕೈಗೆ ಒಪ್ಪಿದ್ದು ಯಾವುದೆಂದು ಅವನಿಗೆ ಗೊತ್ತಿತ್ತು.

"ಆಂಡ್ರಾಯ್ಡ್ ಕೊಡಮ್ಮಾ" ಎಂದಳು ಪಾರ್ತಿ ಅಂಗಡಿಯವಳಿಗೆ.

"ಬು! ಕೈಗೆ ಅದು ಬರಲ್ಲ ಅಂದ್ರಲ್ಲ!" ಹರ್ಯೊನೊನ ರೇಡಿಯೊ ದನಿ ಒಡೆಯಿತು.

"ಮಾಸ್, ನಿಮ್ ಫೋನ್ ಚಿನ್ನ, ಇಲ್ಲ ಅನ್ನಲ್ಲ. ಆದ್ರೆ ಕೈಗೆ ಏನ್ ಬೇಕಾದ್ರೂ ಕಲಿಸ್ಬೋದು. ಎಷ್ಟು ಬೆನ್ನು ಕಲಿತಿದೆ ಇದು! ಈ ವಯಸ್ಸಲ್ಲಿ ಕಿವಿಗೆ ಹೊಸ ತಾಯಿನುಡಿ ತರೋಕೆ ಆಗಲ್ಲ. ಎಯಾಂಗ್ ನನ್ನ 'ತಾವು' ಅಂದಿದ್ದು ನಂಗೆ 'ತಾವು' ಅಂತಾನೇ ಕೇಳ್ಬೇಕು."

ತಿತಿಕ್ ಗಂಡನ ಪಕ್ಕೆಗೆ ತಿವಿದಳು. "ಮಾತಾಡಿ ಮಾಸ್, ಯಾಕೆ, ನೆಟ್‌ವರ್ಕ್ ಇಲ್ವಾ?"

"ನಾನು ಸೋತಿಲ್ಲ. ಒಂದು ಓಟು ಕಮ್ಮಿ ಬಿತ್ತು ಅಷ್ಟೇ" ಎಂದ ಅವನು. ನಗು ತಡೆಯಲಾಗದೆ ತಾನೂ ನಕ್ಕುಬಿಟ್ಟ.

ಹದಿನೈದು ದಿನದಲ್ಲಿ ಪಾರ್ತಿಯ ಬೆರಳು ಹೊಸ ಕೊಕ್ಕೆಗಳನ್ನೆಲ್ಲ ಕಲಿತವು. ಮಂಗಳವಾರಗಳು ಮತ್ತೆ ಎಯಾಂಗ್ ಪ್ರಾವಿರೊ ಅವರವಾದವು, ಅವರ 'ಕೊನೆಯ' ಕಛೇರಿಯ ಮೇಲೆ ಇನ್ನೂ ಮೂರು ಕಛೇರಿಗಳಾದವು. ಆದರೆ ಅದೆಲ್ಲ ಆಮೇಲಿನ ಮಾತು. ಆ ದಿನ ಅಂಗಡಿಯವಳು ಡಬ್ಬ ತೆರೆಯುತ್ತಾ, "ಕಪ್ಪು ಬೇಕಾ ಬು, ನೀಲಿ ಬೇಕಾ, ಕೆಂಪು ಬೇಕಾ?" ಎಂದು ಕೇಳಿ, ತಟ್ಟನೆ ತಡೆದು ನಿಂತಳು.

"ಕೆಂಪು ಕೊಡಿ. ಇವಳ ಕೈಯಿಂದ ಎಲ್ಲಾದ್ರೂ ಜಾರಿದ್ರೆ ಹುಡುಕೋನು ನಾನು. ನಂಗೆ ಕಾಣ್ಬೇಕಲ್ಲ!" ಎಂದ ಲಾಸಿಮನ್.