ಊರಿಗೆ ಹೋದವರ ಫೈಲುಗಳು

ನಾನು ನಿವೃತ್ತಳಾಗುವ ಹಿಂದಿನ ವರ್ಷದ ಮಾತು. ಡೊಂಬಿವಲಿಯ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಮುಖ್ಯ ಫಾರ್ಮಾಸಿಸ್ಟ್ ಆಗಿದ್ದೆ. ಹೃದಯದ ಬಡಿತ ತಾಳ ತಪ್ಪಿದವರಿಗೆ ರಕ್ತ ಹೆಪ್ಪುಗಟ್ಟದಂತೆ ಗುಳಿಗೆ ಕೊಡುತ್ತಾರೆ; ಹೆಪ್ಪು ಮಿದುಳಿಗೆ ಹೋದರೆ ಲಕ್ವ. ನಮ್ಮ ಉಚಿತ ಯೋಜನೆಯಲ್ಲಿ ಇದ್ದದ್ದು ವಾರ್ಫರಿನ್, ಹಳೆಯ ಅಗ್ಗದ ಗುಳಿಗೆ. ಆದರೆ ಅದನ್ನು ತೆಗೆದುಕೊಳ್ಳುವವರು ಐಎನ್‌ಆರ್ ಎಂಬ ರಕ್ತಪರೀಕ್ಷೆಯನ್ನು ತಿಂಗಳಿಗೊಮ್ಮೆಯಾದರೂ ಮಾಡಿಸಬೇಕು. ಅಂಕಿ ಎರಡು-ಮೂರರ ನಡುವೆ ಇರಬೇಕು. ಇಳಿದರೆ ಹೆಪ್ಪು, ಏರಿದರೆ ರಕ್ತಸ್ರಾವ. ಹೊಸ ಗುಳಿಗೆಗಳಿಗೆ ಈ ಪರೀಕ್ಷೆ ಬೇಡ, ಬೆಲೆ ಮಾತ್ರ ಜಾಸ್ತಿ. ಯಾವುದು ಮೇಲೆಂದು ಲೆಕ್ಕ ಹಾಕಿ ವರದಿ ಕೊಡಲು ಆಸ್ಪತ್ರೆಯ ಔಷಧಿ ಕಮಿಟಿ ನನಗೆ ಹೇಳಿತು.

ಲೆಕ್ಕದಲ್ಲಿ ನಾನು ಧಾರವಾಡದ ಹಟಮಾರಿ. ಕಪಾಟಿನ ಫೈಲುಗಳನ್ನೆಲ್ಲ ಇಳಿಸಿ ಓದಿದೆ. ಪರೀಕ್ಷೆಯ ಅಂಕಿ ಇಲ್ಲದವುಗಳ ಮೇಲೆ 'ಅಪೂರ್ಣ' ಎಂದು ಬರೆದು ಪಕ್ಕಕ್ಕಿಟ್ಟೆ. ಉಳಿದ ರೋಗಿಗಳಲ್ಲಿ ಒಬ್ಬರಿಗೂ ಅಪಾಯ ಆಗಿರಲಿಲ್ಲ. ವಾರ್ಫರಿನ್ನೇ ಸಾಕು ಎಂದು ಬರೆದು ಬೀಗಿದೆ.

ಮೀಟಿಂಗಿನ ಹಿಂದಿನ ದಿನ ಫೈಲುಗಳನ್ನು ಕಪಾಟಿಗೆ ಮರಳಿಸುತ್ತಿದ್ದೆ. ಪಕ್ಕಕ್ಕಿಟ್ಟ ಒಂದೊಂದರ ಮೇಲೂ ಕೌಂಟರಿನವರು ಪೆನ್ಸಿಲಿನಲ್ಲಿ ಸಣ್ಣಗೆ 'ಗಾಂವ್' ಎಂದು ಬರೆದದ್ದು ಆಗ ಕಣ್ಣಿಗೆ ಬಿತ್ತು, ಅಂದರೆ ಊರಿಗೆ ಹೋಗಿದ್ದಾರೆ. ನಮ್ಮ ರೋಗಿಗಳಲ್ಲಿ ಬಹಳ ಮಂದಿ ಉಡುಪಿ ಕಡೆಯ ಹೋಟೆಲಿನವರು. ಮೇ ಬಂತೆಂದರೆ ಮದುವೆ, ಭೂತದ ನೇಮ ಎಂದು ಊರಿಗೆ ಹೊರಟುಬಿಡುತ್ತಾರೆ. ಅಲ್ಲಿ ಪರೀಕ್ಷೆ ಮಾಡಿಸುವವರು ಯಾರು? ಎರಡು ತಿಂಗಳ ಗುಳಿಗೆ ಕಟ್ಟಿಕೊಟ್ಟವಳು ನಾನೇ. ಅಪಾಯ ಆಗುವುದಿದ್ದರೆ ಇವರಿಗೇ.

ಮೇಲಿನ ಫೈಲು ಠಾಕುರ್ಲಿಯಲ್ಲಿ ಖಾನಾವಳಿ ನಡೆಸುವ ವಸಂತಕ್ಕನದು. ಫೋನು ಎತ್ತಿದ್ದು ಮಗಳು.

"ಮಮ್ಮಿ ಕಲ್ ಹೀ ಗಾಂವ್‌ಸೆ ಆಯೀ, ಆಂಟಿ. ಠೀಕ್ ಹೈ. ಬಸ್, ಬ್ರಶ್ ಕರತೇ ಟೈಮ್ ಖೂನ್ ಆತಾ ಹೈ."

ನಿನ್ನೆಯಷ್ಟೇ ಊರಿಂದ ಬಂದಿದ್ದಾರೆ, ಹಲ್ಲುಜ್ಜುವಾಗ ರಕ್ತ! "ಇದ್ದಂಗ ರಿಕ್ಷಾದಾಗ ಕರ್ಕೊಂಡು ಬಾರವಾ" ಎಂದು ಕೂಗಿದೆ.

ವಸಂತಕ್ಕ ನಗುತ್ತಲೇ ಬಂದರು. ತೋಳಿನ ತುಂಬ ನೀಲಿ ಕಲೆಗಳು. "ಊರಲ್ಲಿ ಗಂಟುನೋವಿಗೆ ಅಂಗಡಿಯ ಗುಳಿಗೆ ತಿಂದದ್ದು ಮೇಡಂ. ಅದಕ್ಕೂ ಇದಕ್ಕೂ ಎಂತ ಸಂಬಂಧ?" ಸಂಬಂಧ ಬಹಳ ಇತ್ತು; ವಾರ್ಫರಿನ್ ಜೊತೆ ನೋವಿನ ಗುಳಿಗೆ ಸೇರಿದರೆ ರಕ್ತ ನಿಲ್ಲುವುದು ಕಷ್ಟ. ಐಎನ್‌ಆರ್ ಏಳು ದಾಟಿತ್ತು. ಡಾಕ್ಟರು ಕೂಡಲೇ ಅಡ್ಮಿಟ್ ಮಾಡಿಕೊಂಡರು. "ಇನ್ನೆರಡು ದಿನ ಬಿಟ್ಟಿದ್ದರೆ ಉಳಿಯುವುದು ಕಷ್ಟವಿತ್ತು" ಎಂದರು.

ವಸಂತಕ್ಕ ಬದುಕಿದರು. ನಾನು ಪಕ್ಕಕ್ಕಿಟ್ಟಿದ್ದ ಉಳಿದ ಫೈಲುಗಳ ಒಂದೊಂದೇ ನಂಬರಿಗೆ ಫೋನು ಮಾಡುತ್ತ ಕೂತೆ. ಹೆಚ್ಚಿನವರು ಕ್ಷೇಮವಾಗಿದ್ದರು; ನಾಳೆಯೇ ಪರೀಕ್ಷೆಗೆ ಬನ್ನಿ ಎಂದೆ. ಕಲ್ಯಾಣದ ಒಂದು ನಂಬರಿನಲ್ಲಿ ಫೋನು ಎತ್ತಿದ್ದು ರೋಗಿಯ ಹೆಂಡತಿ. "ಅವರು ತೀರಿಹೋಗಿ ಹದಿನೆಂಟು ದಿನ ಆಯ್ತು. ಊರಲ್ಲೇ. ತಲೆಯೊಳಗೆ ರಕ್ತ ಅಂತ ಹೇಳಿದ್ರು" ಎಂದರು.

ಮರುದಿನ ಕಮಿಟಿಯ ಮುಂದೆ ನನ್ನ ವರದಿಯನ್ನು ಹಿಂತೆಗೆದುಕೊಂಡು, ಆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಪರೀಕ್ಷೆಗೆ ತಪ್ಪದೆ ಬರಲಾಗದವರಿಗೆ, ಡಾಕ್ಟರು ಒಪ್ಪಿದರೆ, ಹೊಸ ಗುಳಿಗೆ ಕೊಡುವುದೆಂದು ತೀರ್ಮಾನವಾಯಿತು. ವಾರ್ಫರಿನ್ ಬಿಡಲಾಗದವರು ಊರಿಗೆ ಹೊರಟರೆ ಅಲ್ಲಿಯ ಲ್ಯಾಬು ಗೊತ್ತು ಮಾಡಿಯೇ ಗುಳಿಗೆ ಕಟ್ಟಿಕೊಡಬೇಕೆಂದೂ ಆಯಿತು.

ಒಂದು ಔಷಧಿ ಅಗ್ಗ ಎಂದು ಬರೆಯುವ ಮೊದಲು, ಲೆಕ್ಕದಿಂದ ಯಾರನ್ನು ಪಕ್ಕಕ್ಕಿಟ್ಟಿದ್ದೇನೆಂದು ನೋಡಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟು. ಕಲ್ಯಾಣದ ಆ ಫೈಲಿನ ಮೇಲೆ ನನ್ನದೇ ಅಕ್ಷರದಲ್ಲಿ 'ಅಪೂರ್ಣ' ಎಂದಿತ್ತು. ಅದನ್ನು ಅಳಿಸಲು ನನಗೆ ಕೈ ಬರಲಿಲ್ಲ.