ಮನೆಯ ಕಾಯಿ, ಹೋಟೆಲಿನ ಚಟ್ನಿ

ಕೊಕ್ಕರ್ಣೆಗೆ ದಿನಕ್ಕೆ ಬೆರಳೆಣಿಕೆಯ ಬಸ್ಸುಗಳು ಬರುತ್ತಿದ್ದ ಕಾಲವದು. ಬಸ್ಸು ನಿಲ್ಲುವಲ್ಲಿಯೇ ಅಪ್ಪಯ್ಯನ ಹೋಟೆಲ್ ಇತ್ತು. ಅದರ ಹಿಂದೆ ಒಂದು ಅಂಗಳ, ಅಂಗಳದಾಚೆ ನಮ್ಮ ಮನೆ. ಯಾವುದು ಮನೆಯದು, ಯಾವುದು ಹೋಟೆಲಿನದು ಎಂದು ಯಾರೂ ಕೇಳುತ್ತಿರಲಿಲ್ಲ. ಚಟ್ನಿಗೆ ಬೇಕಾದ ಕಾಯಿ ಮನೆಯ ಮರದಿಂದ, ಹಾಲು ಮನೆಯ ಹಟ್ಟಿಯಿಂದ, ಉದ್ದು ಮನೆಯ ಗದ್ದೆಯಿಂದ. ಶಾಲೆ ಬಿಟ್ಟು ಬಂದ ತಮ್ಮನೂ ನಾನೂ ಚೀಲ ಬಿಸಾಡಿ, ಬಾಣಲೆಯಿಂದ ಆಗಷ್ಟೇ ಎದ್ದ ಬನ್ಸ್ ಎತ್ತಿಕೊಳ್ಳುತ್ತಿದ್ದೆವು. ಬಾಳೆಹಣ್ಣು, ಜೀರಿಗೆ, ಬಿಸಿ ಎಣ್ಣೆ ಸೇರಿದ ಆ ವಾಸನೆ ಅಂಗಳ ದಾಟಿ ಮನೆಯ ಜಗಲಿಗೂ ಬರುತ್ತಿತ್ತು.

ಪೇಟೆಯಿಂದ ಅಪ್ಪಯ್ಯ ದುಡ್ಡು ಕೊಟ್ಟು ತರುತ್ತಿದ್ದದ್ದು ಚಾ ಹುಡಿ, ಸಕ್ಕರೆ, ಮೈದಾ, ಎಣ್ಣೆ ಇಷ್ಟೇ. ಅದರ ದುಡ್ಡು ಕಳೆದು ಗಲ್ಲಾಪೆಟ್ಟಿಗೆಯಲ್ಲಿ ಉಳಿದದ್ದೆಲ್ಲ ಲಾಭ ಎಂಬುದು ಅವರ ನಂಬಿಕೆ. ಪೆಟ್ಟಿಗೆ ದಿನವೂ ತುಂಬುತ್ತಿದ್ದುದರಿಂದ ನಂಬದಿರಲು ಕಾರಣವೂ ಇರಲಿಲ್ಲ. ಹಾಗೆಯೇ ಒಂದು ಬೇಸಿಗೆಯಲ್ಲಿ, ಬ್ರಹ್ಮಾವರದಲ್ಲಿ ಇನ್ನೊಂದು ಹೋಟೆಲ್ ಹಾಕುವ ಯೋಚನೆ ಬಂತು. ಅದಕ್ಕೆ ಬೈಲಗದ್ದೆ ಮಾರಬೇಕು. ನಮ್ಮ ವರ್ಷದ ಅಕ್ಕಿ ಬರುತ್ತಿದ್ದದ್ದು ಆ ಗದ್ದೆಯಿಂದ. ಮಳೆಗಾಲಕ್ಕೆ ಮೊದಲು ಮುಂಗಡ ಕೊಡುತ್ತೇನೆಂದು ಒಬ್ಬ ಅಕ್ಕಿ ವ್ಯಾಪಾರಿ ಮಾತು ಕೊಟ್ಟೂ ಆಗಿತ್ತು. ಅಮ್ಮ ಸಂಜೆ ಹೊತ್ತು ಗದ್ದೆಯ ಅಂಚಿನವರೆಗೆ ಹೋಗಿ ಬರುವುದನ್ನು ಶುರುಮಾಡಿದಳು.

ಅದೇ ಬೇಸಿಗೆಯಲ್ಲಿ ಮಾವ, ಅಮ್ಮನ ತಮ್ಮ, ಬೊಂಬಾಯಿಯಿಂದ ಬಂದ. ಅಲ್ಲಿನ ಹೋಟೆಲಿನಲ್ಲಿ ಪ್ಲೇಟು ತೊಳೆಯಲು ಸೇರಿ, ರಾತ್ರಿ ಶಾಲೆಯಲ್ಲಿ ಓದಿ, ಲೆಕ್ಕ ಬರೆಯುವ ಕುರ್ಚಿಗೆ ಬಂದವನು. ಗದ್ದೆಯ ಸುದ್ದಿ ಕೇಳಿ ಅವನು ಬೈಯಲಿಲ್ಲ.

"ಭಾವ, ಒಂದ್ ತಿಂಗ್ಳ್ ಲೆಕ್ಕ ಬರದ್ ಕಾಣಿ. ಆಮೇಲ್ ಗದ್ದಿ ಮಾರಿ, ನಾನ್ ಬ್ಯಾಡ ಅಂಬುದಿಲ್ಲ" ಎಂದ.

"ಬರಿಯುಕ್ ಎಂತ ಇತ್ತ್? ಮನಿ ಕಾಯಿ, ಮನಿ ಹಾಲ್, ಮನಿ ಕಟ್ಗಿ."

"ಅದನ್ನೇ ಬರಿಯುದ್."

ಮಾವನ ಕಟ್ಟಳೆ ಸರಳವಾಗಿತ್ತು. ಮನೆ ಬೇರೆ, ಹೋಟೆಲ್ ಬೇರೆ. ಮನೆಯಿಂದ ಹೋಟೆಲಿಗೆ ಹೋದದ್ದಕ್ಕೆಲ್ಲ ಸಂತೆಯ ದರ ಹಾಕಿ ಹೋಟೆಲ್ ದುಡ್ಡು ಕೊಡಬೇಕು. ಹೋಟೆಲಿನಿಂದ ಮನೆಗೆ ಬಂದದ್ದಕ್ಕೆ ಮನೆ ಕೊಡಬೇಕು. ಇದರ ಮೊದಲ ಪೆಟ್ಟು ನಮಗೇ ಬಿತ್ತು.

"ಹ್ವಾಯ್, ಬನ್ಸ್ ಎಷ್ಟ್ ತಿಂದದ್?" ಎಂದು ಮಾವ ಬಾಗಿಲಲ್ಲೇ ತಡೆದ.

"ಎರಡ್" ಎಂದೆ.

"ಸುಳ್ಳ್! ಅಕ್ಕ ಮೂರ್ ತಿಂದಿತ್" ಎಂದು ತಮ್ಮ ಕೂಗಿದ. ಅವನ ಬಾಯಲ್ಲಿಯೂ ಒಂದಿತ್ತು.

ನಮ್ಮ ಜೊತೆಗೇ ಇದ್ದ ಅಮ್ಮನ ತಾಯಿ, ಅಮ್ಮಮ್ಮನಿಗೆ, ಇದು ಅವಮಾನವೆನಿಸಿತು. ಕಾಯಿಯ ದುಡ್ಡನ್ನು ಮುಟ್ಟಲಿಲ್ಲ. "ನನ್ ಮನಿ ಕಾಯಿಗೆ ನನ್ ಅಳಿಯ ದುಡ್ ಕೊಡುದಾ? ಊರ್ ಜನ ಕೇಂಡ್ರೆ ನೆಗಾಡ್ತ್ರ್."

"ನೆಗಾಡ್ಲಿ ಅಬ್ಬಿ. ಬೊಂಬಾಯಂಗೆ ನಮ್ ಸೇಟ್ರ್ ಅವ್ರದ್ದೇ ಹೋಟ್ಲಂಗೆ ಉಂಡ್ರೂ ಚೀಟಿ ಬರಿತ್ರ್" ಎಂದ ಮಾವ ತನ್ನ ತಾಯಿಗೆ.

ಒಂದು ವಾರ ಆ ದುಡ್ಡು ದೇವರ ಮಣೆಯ ಪಕ್ಕ ಹಾಗೆಯೇ ಇತ್ತು. ಎರಡನೇ ವಾರ ಅಮ್ಮಮ್ಮ ಅದನ್ನು ಎಲೆಯಡಿಕೆ ಚೀಲಕ್ಕೆ ಹಾಕಿದಳು. ಮೂರನೇ ವಾರ ಅಂಗಳದಲ್ಲಿ ಕಾಲು ಚಾಚಿ ಕುಳಿತು ಅಪ್ಪಯ್ಯನಿಗೆ, "ಸಂತಿಯಂಗೆ ಕಾಯಿ ದರ ಏರಿತ್ ಅಂಬ್ರ್. ಹಳಿ ದರಕ್ಕೆ ಆತಿಲ್ಲ" ಎಂದಳು.

"ಅತ್ತಿ, ಇಷ್ಟ್ ದಿನ ಸುಮ್ನೆ ಕೊಡ್ತಿದ್ರಿ ಅಲ್ದಾ?"

"ಆಗಳ್ ನಾನ್ ಅತ್ತಿ. ಈಗಳ್ ಕಾಯಿ ಯಾಪಾರ್ದಳ್."

ಹೋಟೆಲಿನಲ್ಲಿ ಕುಳಿತವರೆಲ್ಲ ನಕ್ಕರು. ಅಪ್ಪಯ್ಯನೂ ನಕ್ಕು ಹೊಸ ದರ ಕೊಟ್ಟರು.

ತಿಂಗಳ ಕೊನೆಯ ಸಂಜೆ ಮಾವ ಜಗಲಿಯಲ್ಲಿ ಎಲ್ಲರೆದುರು ಲೆಕ್ಕ ಓದಿದ. ಮೊದಲು ಜಮಾ. ಅದನ್ನು ಕೇಳುವಾಗ ಅಪ್ಪಯ್ಯನ ಮುಖ ಅರಳಿತ್ತು. ಆಮೇಲೆ ಖರ್ಚು: ಪೇಟೆಯ ಸಾಮಾನು, ಕಾಯಿ, ಹಾಲು, ಉದ್ದು, ಅಕ್ಕಿ, ಕಟ್ಟಿಗೆ. ಒಂದೊಂದನ್ನು ಓದಿದಂತೆ ಆ ನಗು ಇಳಿಯುತ್ತ ಹೋಯಿತು. ಕೊನೆಗೆ ಉಳಿದದ್ದು ಒಂದು ಮುಷ್ಟಿಯಲ್ಲಿ ಹಿಡಿಯುವಷ್ಟು ಚಿಲ್ಲರೆ.

"ಹಾಂಗಾರೆ ಇಷ್ಟ್ ವರ್ಷ ನಾನ್ ಮಾಡ್ದದ್ದ್ ಎಂತ?"

"ಚಟ್ನಿ ಮಾಡಿ ಕಾಯಿ ಮಾರ್ದದ್ದ್ ಭಾವ. ಅದೂ ಸಂತಿ ದರಕ್ಕೇ. ಬ್ರಹ್ಮಾವರದಗೆ ನಿಮ್ಗೆ ಮರವೂ ಇಲ್ಲ, ಹಟ್ಟಿಯೂ ಇಲ್ಲ."

ಬಾಗಿಲ ಬಳಿ ನಿಂತಿದ್ದ ಅಮ್ಮ, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ, "ತಮ್ಮಾ, ನಾನ್ ದಿನಾ ಸಂಜಿಗೆ ಹಿಟ್ ರುಬ್ಬುದನ್ನ ಎಲ್ ಬರ್ದಿದ್ದೆ?" ಎಂದು ಕೇಳಿದಳು. ಜಗಳದ ದನಿಯಲ್ಲ, ತಿಳಿದುಕೊಳ್ಳುವ ದನಿ.

ಮಾವ ಪುಟ ತಿರುವಿದ. ಅದು ಎಲ್ಲಿಯೂ ಇರಲಿಲ್ಲ. "ಬೊಂಬಾಯಂಗೆ ರುಬ್ಬುವವನ ಸಂಬ್ಳ ಮೊದ್ಲ್ ಬರಿತೆ ಅಕ್ಕ. ಇಲ್ಲಿ ಮರ್ತೇ ಹೋಯ್ತ್."

"ಬರಿ" ಎಂದರು ಅಪ್ಪಯ್ಯ. ಬರೆದಾಗ ಆ ಚಿಲ್ಲರೆಯೂ ಹೋಗಿ, ಹೋಟೆಲ್ ನಷ್ಟದಲ್ಲಿ ನಿಂತಿತು.

ಮುಂಗಡದ ದುಡ್ಡು ಹಿಡಿದು ವ್ಯಾಪಾರಿ ಬಂದಾಗ ಅಪ್ಪಯ್ಯ ಬೆಂಚು ಒರೆಸಿ ಕೂರಿಸಿದರು. "ಗದ್ದಿ ಕೊಡುದಿಲ್ಲ ಮಾರಾಯ್ರೆ. ಚಾ ಕುಡಿವ."

"ಎಂತ, ಹೆಣ್ತಿ ಬ್ಯಾಡ ಅಂದ್ಳಾ?"

"ಹೆಣ್ತಿ ಅಲ್ಲ, ಲೆಕ್ಕ" ಎಂದರು ಅಪ್ಪಯ್ಯ. ಆ ಚಾವನ್ನೂ ಮಾವ ಬರೆದುಕೊಂಡ.

ಮಾವ ಬೊಂಬಾಯಿಗೆ ಮರಳಿದ ಮೇಲೂ ಅಪ್ಪಯ್ಯ ಬರೆಯುವುದನ್ನು ಬಿಡಲಿಲ್ಲ. ದೋಸೆಯ ದರ ಸ್ವಲ್ಪ ಏರಿತು. ರುಬ್ಬಲು ಆಳು ಬಂದ. ಬೈಲಗದ್ದೆಯಲ್ಲಿ ಆ ವರ್ಷವೂ ಭತ್ತದ ನೇಜಿ ನೆಟ್ಟರು, ಅಮ್ಮ ಮೊದಲ ಬಾರಿಗೆ ಅಲ್ಲಿಯೇ ಇಡೀ ದಿನ ಕಳೆದಳು. ಮಾವ ಮಾಡಿದ್ದು ಸರಿಯೆಂದು ನಾನು ಅಂದೂ ತಿಳಿದಿದ್ದೆ, ಇಂದೂ ತಿಳಿದಿದ್ದೇನೆ. ಮನೆಯ ಹೊಟ್ಟೆಗೆ ಕೈಹಾಕಿ ಅಂಗಡಿಯ ಪೆಟ್ಟಿಗೆ ತುಂಬಿಸಿಕೊಂಡು, ಅದನ್ನೇ ಲಾಭವೆಂದು ಹಿಗ್ಗಿ ಮುಳುಗಿದವರನ್ನು ಆಮೇಲೆ ನಾನು ಬಹಳ ಕಂಡಿದ್ದೇನೆ.

ಆದರೆ ಆ ಮಳೆಗಾಲದ ಒಂದು ಬೆಳಗನ್ನೂ ಹೇಳಬೇಕು. ನಮ್ಮ ನೆರೆಮನೆಯ ಬಾಗಜ್ಜಿ, ಒಂಟಿ ಮುದುಕಿ, ದಿನವೂ ಹೋಟೆಲಿನ ಹಿಂಬಾಗಿಲಿನಿಂದ ಬಂದು ಒಲೆಯ ಮುಂದೆ ಕೈ ಕಾಯಿಸಿಕೊಳ್ಳುತ್ತ ಚಾ ಕುಡಿದು ಹೋಗುತ್ತಿದ್ದಳು. ಆ ಬೆಳಗ್ಗೆ ಅಪ್ಪಯ್ಯ ಹಿಂದಿನ ದಿನದ ಲೆಕ್ಕವನ್ನು ಗಟ್ಟಿಯಾಗಿ ಓದಿ ಕೂಡಿಸುತ್ತಿದ್ದರು. "ಬಾಗಜ್ಜಿಗೆ ಚಾ, ಧರ್ಮ" ಎಂದು ಓದಿದ್ದು ಅವಳ ಕಿವಿಗೆ ಬಿತ್ತು.

"ಇದ್ ಧರ್ಮದ ಚಾವಾ?" ಎಂದಳು. "ನಾನ್ ಮನಿದ್ ಅಂದ್ಕಂಡಿದ್ದೆ."

ಅವಳು ಲೋಟ ತೊಳೆದಿಟ್ಟು ಹೋದಳು. ಮರುದಿನ ಕೊಡೆ ಮಡಚಿ, ಮುಂಬಾಗಿಲಿನಿಂದ ಬಂದು, ಗಿರಾಕಿಗಳ ಬೆಂಚಿನ ತುದಿಯಲ್ಲಿ ಕುಳಿತು, ಚಾ ಬರುವ ಮೊದಲೇ ಚಿಲ್ಲರೆಯನ್ನು ಮೇಜಿನ ಮೇಲಿಟ್ಟಳು.