ಬೆಚ್ಚಗಿನ ಬಾನೆಟ್

ಡಚ್ಚರ ನಾಡಿನ ವೆಲ್ಡ್‌ಹೋವನ್‌ನಲ್ಲಿರುವ ಜಯಕರನಿಗೆ ಸಂಶಯಪಡುವುದೇ ಉದ್ಯೋಗ. ಇದು ಚಾಡಿಯಲ್ಲ. ಚಿಪ್ ತಯಾರಿಸುವ ಯಂತ್ರಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನಡುಕ ಎಲ್ಲಿ ಹುಟ್ಟಿತು ಎಂದು ಪತ್ತೆ ಹಚ್ಚುವುದಕ್ಕೇ ಅವನಿಗೆ ಸಂಬಳ ಕೊಡುತ್ತಾರೆ. ಯಂತ್ರ ಸರಿಯಾಗಿ ಓಡಿದರೆ ಉಳಿದವರು ಕಾಫಿಗೆ ಎದ್ದು ಹೋಗುತ್ತಾರೆ. ಜಯಕರ ಮಾತ್ರ, ಇದು ಯಾಕೆ ಸರಿಯಾಗಿ ಓಡುತ್ತಿದೆ ಎಂದು ಅಲ್ಲೇ ನಿಲ್ಲುತ್ತಾನೆ. ತೊಂದರೆಯೆಂದರೆ, ಸಂಜೆ ಸೈಕಲ್ ಹತ್ತಿ ಮನೆಗೆ ಹೊರಡುವಾಗ ಈ ಗುಣವನ್ನು ಆಫೀಸಿನಲ್ಲೇ ಬಿಟ್ಟು ಬರಲು ಅವನಿಂದಾಗುವುದಿಲ್ಲ. ಅಂಗಡಿಯವನು ಒಂದು ಮಾವಿನಹಣ್ಣು ಸುಮ್ಮನೆ ಕೊಟ್ಟರೆ ಉಳಿದ ಹಣ್ಣುಗಳನ್ನೆಲ್ಲ ಮೂಸಿ ನೋಡುತ್ತಾನೆ. ಪಕ್ಕದ ಮನೆಯ ಡಚ್ಚರು ಇವತ್ತು ಹವೆ ಚೆನ್ನಾಗಿದೆ ಎಂದರೆ ಒಳಗೆ ಹೋಗಿ ಕೊಡೆ ತರುತ್ತಾನೆ. ಈ ಒಂದು ವಿಷಯದಲ್ಲಿ ಅವನದೇ ಗೆಲುವು.

ಹೀಗೆ ಲೋಕವನ್ನೆಲ್ಲ ಮೂಸಿ ನೋಡುವ ಮನುಷ್ಯನಿಗೂ ಒಂದು ವಿಶ್ರಾಂತಿಯ ಜಾಗ ಬೇಕಲ್ಲ, ಅದು ಅರವಿಂದ. ಮೈಸೂರಿನವನು, ಆಲ್ಮೆರೆಯಲ್ಲಿ ಕೆಲವು ವರ್ಷ ಇದ್ದು ಈಚೆಗೆ ಪಕ್ಕದೂರಾದ ಐಂಡ್‌ಹೋವನ್‌ಗೆ ಬಂದವನು. ಅವನ ಮಾತನ್ನು ಜಯಕರ ಎರಡನೆಯ ಸಲ ಪರೀಕ್ಷಿಸುತ್ತಿರಲಿಲ್ಲ. ಯಾಕೆಂದರೆ ಅರವಿಂದನಿಗೆ ತನ್ನ ಬಗ್ಗೆ ಎಷ್ಟು ದೊಡ್ಡ ಅಭಿಪ್ರಾಯವಿತ್ತೆಂದರೆ, ಸುಳ್ಳು ಹೇಳುವ ಅಗತ್ಯ ಅವನಿಗಿಲ್ಲ ಎಂದು ಯಾರಿಗಾದರೂ ಅನ್ನಿಸುತ್ತಿತ್ತು. ಕಳೆದ ರಾಜ್ಯೋತ್ಸವದಲ್ಲಿ ವೇದಿಕೆ ಹತ್ತಿ, ಪೆಟ್ರೋಲ್ ಸುಡುವುದು ನಾಚಿಕೆಗೇಡು, ನಾನು ಸೈಕಲ್ಲಿನವನು, ಅಗತ್ಯ ಬಿದ್ದರೆ ಕಂಪನಿ ಕೊಟ್ಟ ಎಲೆಕ್ಟ್ರಿಕ್ ಕಾರಿನವನು ಎಂದು ಬಿಸಿಬೇಳೆಭಾತ್ ಆರಿಹೋಗುವವರೆಗೆ ಮಾತಾಡಿದ್ದ. ಕನ್ನಡ ಸಂಘದವರು ಶಾಲು ಹೊದಿಸಿ ಇಳಿಸಿದ್ದರು. ಆಯುಧಪೂಜೆಯ ದಿನ ಅವನು ತನ್ನ ಸೈಕಲ್ಲಿನ ಹ್ಯಾಂಡಲ್ಲಿಗೆ ಅಡ್ಡಲಾಗಿ ಮೂರು ಕುಂಕುಮದ ಬೊಟ್ಟು, ಅದರ ಕೆಳಗೆ ಅರಿಶಿನದ ಒಂದು ಗೀರು ಇಡುವುದನ್ನು ನೋಡಲು ಬೀದಿಯ ಡಚ್ ಮಕ್ಕಳು ಸೇರಿದ್ದರು.

ಐವತ್ತು ಹತ್ತಿರ ಬಂದಾಗ ಜಯಕರನಿಗೆ ಒಂದು ಆಸೆ ಹುಟ್ಟಿತು. ಈವರೆಗೆ ಅವನು ಕೊಂಡ ಕಾರುಗಳೆಲ್ಲ ಅತ್ತೆಮಾವ, ಸೂಟ್‌ಕೇಸು, ಅಕ್ಕಿಮೂಟೆಗಳ ಅಳತೆಗೆ ಕೊಂಡವು. ಒಮ್ಮೆಯಾದರೂ ತನ್ನ ಅಳತೆಗೆ ಒಂದು ಕೊಳ್ಳಬೇಕು. ಜರ್ಮನಿಯ ಹಳೆಯ ಸ್ಪೋರ್ಟ್ಸ್ ಸೆಡಾನು, ಹಿಂದಿನ ಚಕ್ರ ತಳ್ಳುವಂಥದ್ದು. ಹುಡುಕಿದರೆ ಊರಾಚೆ ಜೋಳದ ಹೊಲಗಳ ಅಂಚಿನಲ್ಲಿ, ತೋನ್ ಎಂಬವನ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಎರಡು ಸಿಕ್ಕವು. ಒಂದೇ ಮಾದರಿ, ಒಂದೇ ವರ್ಷದವು, ಅಕ್ಕಪಕ್ಕ ನಿಂತಿದ್ದವು. ಬೂದುಬಣ್ಣದ್ದಕ್ಕೆ ನಾಲ್ಕು ಸಿಲಿಂಡರಿನ ಟರ್ಬೋ ಎಂಜಿನ್ನು. ನೀಲಿಯದಕ್ಕೆ ಆರು ಸಿಲಿಂಡರಿನ ದೊಡ್ಡ ಎಂಜಿನ್ನು, ಟರ್ಬೋ ಇಲ್ಲದ್ದು.

"ನೂರಕ್ಕಿಂತ ಜಾಸ್ತಿ ಓಡಿಸ್ಲಿಕ್ಕೆ ಬಿಡದ ಊರಲ್ಲಿ ನಾಲ್ಕಾದ್ರೆಂತ, ಆರಾದ್ರೆಂತ ಮಾರಾಯ್ರೆ?" ಎಂದಳು ಹೆಂಡತಿ ಕ್ಷಮಾ. "ಎರಡಕ್ಕೂ ಚಕ್ರ ನಾಲ್ಕೇ ಅಲ್ವಾ?"

"ನಿಂಗೆ ಗೊತ್ತಾಗುದಿಲ್ಲ" ಎಂದು ಜಯಕರ ಆ ಶನಿವಾರ ಹೊರಟ.

ಹೋದವನು ಮೊದಲು ಮಾಡಿದ ಕೆಲಸವೆಂದರೆ ಅಂಗೈಯನ್ನು ಬಾನೆಟ್ಟಿನ ಮೇಲಿಟ್ಟದ್ದು. ಹಳೆಯ ಎಂಜಿನ್ನಿನ ರೋಗ ಗೊತ್ತಾಗುವುದು ಅದು ತಣ್ಣಗಿದ್ದು ಮೊದಲ ಸಲ ಎದ್ದಾಗ. ಬಿಸಿಯಾದ ಮೇಲೆ ಎಲ್ಲ ಎಂಜಿನ್ನುಗಳೂ ಸಜ್ಜನರೇ. ಬೂದು ಕಾರು ತಣ್ಣಗಿತ್ತು. ನೀಲಿ ಕಾರು ಬೆಚ್ಚಗಿತ್ತು, ದೋಸೆ ಹೊಯ್ದು ಈಗಷ್ಟೇ ಇಳಿಸಿದ ಕಾವಲಿಯ ಹಾಗೆ.

"ಇದು ಯಾಕೆ ಬಿಸಿ?" ಎಂದು ಜಯಕರ ತನ್ನ ಡಚ್‌ನಲ್ಲಿ ಕೇಳಿದ.

"ಬೆಳಿಗ್ಗೆ ಇನ್ನೊಬ್ಬ ಗಿರಾಕಿ ಓಡಿಸಿ ನೋಡಿದ, ಮೆನೇರ್" ಎಂದ ತೋನ್. ಮೆನೇರ್ ಎಂದರೆ ಡಚ್ಚಿನಲ್ಲಿ ಸ್ವಾಮಿ.

ಜಯಕರ ಒಳಗೊಳಗೇ ನಕ್ಕ. ಮಾರುವವರೆಲ್ಲರಿಗೂ ಒಬ್ಬ ಇನ್ನೊಬ್ಬ ಗಿರಾಕಿ ಇರುತ್ತಾನೆ, ಅವನನ್ನು ಕಂಡವರಿಲ್ಲ. ಬಾನೆಟ್ ಎತ್ತಿಸಿ ಫೋನಿನ ಬೆಳಕು ಬಿಟ್ಟು ಹುಡುಕಿದ. ಎಂಜಿನ್ನನ್ನು ತಣಿಸುವ ಕೂಲೆಂಟಿನ ಡಬ್ಬಿಯ ಪಕ್ಕ, ಎಂಜಿನ್ನಿನ ಅಂಚಿನಲ್ಲಿ ಕೆಂಪು ಪುಡಿ ಗಟ್ಟಿಯಾಗಿ ಕೂತಿತ್ತು. ಅವನ ಎದೆ ಹಾರಿತು, ಸಂತೋಷದಿಂದ. ಕೂಲೆಂಟು ಸೋರಿ ಒಣಗಿದರೆ ಹೀಗೇ ಕೆಂಪಗೆ ಕಟ್ಟುತ್ತದೆಂದು ಅವನು ಓದಿದ್ದ. ಅದಕ್ಕೇ ಇವರು ಎಂಜಿನ್ ಬಿಸಿ ಮಾಡಿಟ್ಟಿದ್ದಾರೆ! ಕೂಡಲೇ ಫೋಟೋ ತೆಗೆದು, ಎರಡು ಕಾರುಗಳ ವಿಷಯವನ್ನೂ ಬರೆದು ಅರವಿಂದನಿಗೆ ಕಳಿಸಿದ.

ಉತ್ತರ ಅವನು ಸೈಕಲ್ ಹತ್ತುವ ಮೊದಲೇ ಫೋನಾಗಿ ಬಂತು. "ಮಗಾ, ಗ್ಯಾರಂಟಿ ಲೀಕು. ವಾಟರ್ ಪಂಪ್ ಹೋಗಿದೆ. ಅದರ ಹತ್ರಾನೂ ಸುಳೀಬೇಡ. ನಾಲ್ಕರದ್ದು ತಗೋ, ಹಗುರ ಇದೆ, ರಸ್ತೆ ತೆರಿಗೆ ಕಮ್ಮಿ, ಫ್ಯಾಮಿಲಿ ಮ್ಯಾನ್‌ಗೆ ಅದೇ ಸರಿ."

"ನೀನು ಪೆಟ್ರೋಲೇ ಬೇಡ ಹೇಳ್ತೀಯ ಅಂತ ಗ್ರಹಿಸಿದ್ದೆ."

"ಬೇಡವೇ. ಆದ್ರೂ ತಗೊಳ್ಳಲೇಬೇಕು ಅಂದ್ರೆ ನಾಲ್ಕು. ಆರು ಬೇಡ. ಪ್ರಾಮಿಸ್ ಮಾಡು."

ಪ್ರಾಮಿಸ್ ಮಾಡು ಎಂದದ್ದು ಜಯಕರನ ಕಿವಿಯಲ್ಲಿ ಸ್ವಲ್ಪ ಉಳಿಯಿತು. ಆದರೂ ಹೇಳಿದವನು ಅರವಿಂದನಲ್ಲವೇ. ನಾಲ್ಕನ್ನೇ ಕೊಳ್ಳುವುದೆಂದು ನಿಶ್ಚಯಿಸಿ, ಆರನ್ನು ಮರೆಯುವುದಕ್ಕಾಗಿ ಅದರ ಫೋಟೋವನ್ನು ಮತ್ತೆ ಮತ್ತೆ ನೋಡುತ್ತ ಸೋಫಾದಲ್ಲಿ ಕೂತ.

ಹಿಂದಿನಿಂದ ಬಗ್ಗಿದ ಕ್ಷಮಾ ಕೇಳಿದಳು: "ಇದೆಂತ, ಕುಂಕುಮದ ಫೋಟೋ ಇಟ್ಕೊಂಡು ಕೂತದ್ದು?"

"ಕುಂಕುಮ ಅಲ್ಲ, ಕೂಲೆಂಟ್. ಪಂಪ್ ಸೋರಿ ಕಟ್ಟಿದ್ದು."

ಕ್ಷಮಾ ಫೋನು ಕಸಿದುಕೊಂಡು ಚಿತ್ರವನ್ನು ಬೆರಳಲ್ಲಿ ದೊಡ್ಡದು ಮಾಡಿದಳು. "ಸೋರಿದ ನೀರು ಒಂದೇ ಸಾಲಿಗೆ ಮೂರು ಬೊಟ್ಟು ಇಡ್ತದಾ? ಕೆಳಗೆ ಅರಿಶಿನವೂ ಉಂಟು, ನೋಡಿ. ನಿಮ್ಮ ಪಂಪು ಅರಿಶಿನ ಸಹ ಸೋರ್ತದಾ?"

ಜಯಕರ ನೋಡಿದ. ಹುಟ್ಟಿದಾಗಿನಿಂದ ಕಂಡ ಕುಂಕುಮ. ಬಾನೆಟ್ಟಿನ ಕೆಳಗೆ ಕಂಡದ್ದರಿಂದ ಅದು ಕೂಲೆಂಟಾಗಿತ್ತು. ತೋನನ ಅಂಗಡಿಯಲ್ಲಿ ಮೋಸ ಸಿಗಲೇಬೇಕೆಂದು ಮನೆಯಿಂದಲೇ ತೀರ್ಮಾನಿಸಿ ಹೋದವನಿಗೆ ದೇವರ ಪ್ರಸಾದವೂ ಸೋರಿಕೆಯಾಗಿ ಕಂಡಿತ್ತು.

"ಅರವಿಂದಣ್ಣ ಇದನ್ನು ನೋಡಿದ್ರಾ?" ಎಂದಳು ಕ್ಷಮಾ, ಮೆಲ್ಲಗೆ.

"ನೋಡಿದ."

"ಲೀಕು ಅಂದ್ರಾ? ಸೈಕಲ್ಲಿಗೆ ಇದೇ ಮೂರು ಬೊಟ್ಟು ಇಡುವ ಜನ?"

ಆ ವಾರ ಜಯಕರನಿಗೆ ಕಾರಿನ ಚಿಂತೆ ಹೋಗಿ ಮನುಷ್ಯನ ಚಿಂತೆ ಹತ್ತಿತು. ಕಾರಿನಲ್ಲಿ ಮೋಸ ಹೋದರೆ ಒಂದು ಕಾರು ಹೋಯಿತು. ಅರವಿಂದನಲ್ಲಿ ಮೋಸ ಹೋದರೆ ಇನ್ನು ಯಾರ ಮಾತನ್ನು ಪರೀಕ್ಷಿಸದೆ ನಂಬುವುದು? ಅವನಿಗೆ ತೋನನಿಂದ ಕಮಿಷನ್ ಇದೆಯೇ? ಬೂದು ಕಾರು ಖರ್ಚಾಗದೆ ಉಳಿದಿದೆಯೇ? ಜೊತೆಯಾಗಿ ಊಟ ಮಾಡಿದ ಭಾನುವಾರಗಳನ್ನೆಲ್ಲ ಜಯಕರ ಬಿಚ್ಚಿ ನೋಡಿದ. ಅರವಿಂದ ಈಚೆಗೆ ಶನಿವಾರ ಬೆಳಿಗ್ಗೆ ಫೋನು ಎತ್ತುತ್ತಿರಲಿಲ್ಲ. ಮಾರ್ಕೆಟ್ಟಿಗೆ ಹೋಗಿದ್ದೆ ಎನ್ನುತ್ತಿದ್ದ. ಆದರೆ ಅವನ ಹೆಂಡತಿ ಭಾನುಮತಿ, ಇವರು ತರಕಾರಿ ಮಾತ್ರ ತರೋದೇ ಇಲ್ಲ ಎಂದು ಕ್ಷಮಾಳಲ್ಲಿ ದೂರಿದ್ದಳಂತೆ.

ಶನಿವಾರ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೇ ಜಯಕರ ಅಲ್ಲಿಗೆ ಹೋದ. ಬೇಲಿಗೆ ಒಂದು ಸೈಕಲ್ ಒರಗಿತ್ತು. ಹ್ಯಾಂಡಲ್ಲಿನ ಮೇಲೆ ಮಾಸಿದ ಮೂರು ಬೊಟ್ಟು. ಆಚೆ ನೀಲಿ ಕಾರು ಚಾಲೂ ಆಗಿತ್ತು. ಚಾಲಕನ ಸೀಟಿನಲ್ಲಿ ಪರಿಸರ ಭಾಷಣಕಾರ ಅರವಿಂದ, ಕಣ್ಣು ಮುಚ್ಚಿಕೊಂಡು, ಸ್ಟಿಯರಿಂಗಿನ ಮೇಲೆ ತಾಳ ಹಾಕುತ್ತ, ಎಂಜಿನ್ನಿನ ಸದ್ದನ್ನು ಕಛೇರಿ ಕೇಳುವವನಂತೆ ಕೇಳುತ್ತಿದ್ದ.

ಜಯಕರ ಗಾಜು ತಟ್ಟಿದ.

"ಏನೋ ಮಗಾ, ಇಷ್ಟು ಬೇಗ?" ಅರವಿಂದನ ಧ್ವನಿಯಲ್ಲಿ ಅಂಗಡಿಯೇ ತನ್ನದೆಂಬ ಗತ್ತಿತ್ತು, ಮುಖದಲ್ಲಿರಲಿಲ್ಲ.

"ಲೀಕು ನೋಡ್ಲಿಕ್ಕೆ ಬಂದೆ. ನೀನು?"

"ನಾನೂ ಅದಕ್ಕೇ... ನಿನಗೋಸ್ಕರ..."

"ಅದು ಕುಂಕುಮ ಅಂತ ಕ್ಷಮಾ ಹೇಳಿದ್ಳು."

ಅರವಿಂದ ಕೈ ಚಾಚಿ ಪಕ್ಕದ ಸೀಟಿನ ಬಾಗಿಲು ತೆರೆದ. "ಹತ್ತು, ಬೆಲ್ಟ್ ಹಾಕ್ಕೋ" ಎಂದ.

ಬೆಲ್ಜಿಯಂ ದಿಕ್ಕಿನ ಹೆದ್ದಾರಿಯಲ್ಲಿ ಕತೆ ಹೊರಬಿತ್ತು. ಆಲ್ಮೆರೆಯಲ್ಲಿದ್ದಾಗ ಈ ಕಾರು ಅವನದೇ. ಐಂಡ್‌ಹೋವನ್‌ಗೆ ಬರುವಾಗ ಕಂಪನಿಯ ಎಲೆಕ್ಟ್ರಿಕ್ ಕಾರು ಬಂತು, ಎರಡು ಯಾಕೆಂದು ಇದನ್ನು ಮಾರಿದ. ಇಲ್ಲಿ ಮಾಲೀಕ ಬದಲಾದರೂ ಕಾರಿನ ನಂಬರ್ ಪ್ಲೇಟು ಬದಲಾಗುವುದಿಲ್ಲ. ಬೇಸಿಗೆಯಲ್ಲಿ ಸೈಕಲ್ ತುಳಿಯುತ್ತ ತೋನನ ಬೇಲಿ ದಾಟುವಾಗ ಆ ನಂಬರು ಕಣ್ಣಿಗೆ ಬಿತ್ತು. ಅಂದಿನಿಂದ ಪ್ರತಿ ಶನಿವಾರ, ಕೊಳ್ಳುವವನ ಹಾಗೆ ಬಂದು ಒಂದು ಸುತ್ತು ಹೊಡೆದು, ಮುಂದಿನ ವಾರ ಹೇಳುತ್ತೇನೆ ಎಂದು ಹೋಗುತ್ತಿದ್ದ.

"ಮತ್ತೆ ವಾಪಸ್ ತಗೊಳ್ಬಹುದಿತ್ತಲ್ಲ ಮಾರಾಯ?"

"ಹೇಗೋ ತಗೊಳ್ಳೋದು? ಸ್ಟೇಜ್ ಮೇಲೆ ನಿಂತು ಅಷ್ಟೆಲ್ಲ ಮಾತಾಡಿದೀನಿ. ಚಪ್ಪಾಳೆ ಬೇರೆ ಹೊಡೆದ್ರು. ಶಾಲು ಬೇರೆ ಹೊದಿಸಿದ್ರು."

"ಶಾಲು ವಾಪಸ್ ಕೊಡು."

"ಭಾನು ಅದನ್ನ ಸೋಫಾಗೆ ಹಾಕಿದಾಳೆ."

ಜಯಕರನಿಗೆ ನಗು ಬಂತು, ಆದರೆ ಬಿಟ್ಟುಕೊಡಲಿಲ್ಲ. "ನನ್ನ ಹತ್ರ ಸುಳ್ಳು ಹೇಳಿದ್ದು ನೀನು."

"ಹೇಳ್ದೆ. ನೀನು ತಗೊಂಡ್ಬಿಟ್ರೆ ಇದು ನಿನ್ನ ಮನೆ ಮುಂದೆ ನಿಂತಿರುತ್ತೆ, ನಾನು ಸೈಕಲ್ ಬೆಲ್ ಹೊಡ್ಕೊಂಡು ಅದರ ಪಕ್ಕ ಹೋಗ್ಬೇಕು. ಹೊಟ್ಟೆ ಉರೀತು ಕಣೋ. ನಾಚಿಕೆ ಆಗುತ್ತೆ ಹೇಳೋಕೆ."

ಅರವಿಂದನ ಬಾಯಿಂದ ತನ್ನ ಬಗ್ಗೆ ಇಷ್ಟು ಸಣ್ಣ ಮಾತು ಬಂದದ್ದು ಜಯಕರ ಈವರೆಗೆ ಕೇಳಿರಲಿಲ್ಲ. ಸೀಟಿನಲ್ಲೇ ಅವನ ಕಡೆ ತಿರುಗಿ ಕೇಳಿದ: "ಸರಿ. ಈಗ ಸತ್ಯ ಹೇಳು. ಈ ಎಂಜಿನ್ ಹೇಗುಂಟು?"

ಅರವಿಂದ ಹೇಳಿದ. ವಾಟರ್ ಪಂಪು ಆಲ್ಮೆರೆಯಲ್ಲೇ ಬದಲಾಯಿಸಿದ್ದು, ಅದಕ್ಕೇನೂ ಆಗಿಲ್ಲ. ಎಣ್ಣೆ ಮಾತ್ರ ಕುಡಿಯುತ್ತದೆ, ಡಿಕ್ಕಿಯಲ್ಲಿ ಒಂದು ಡಬ್ಬಿ ಇರಲೇಬೇಕು. ಚಳಿಯಲ್ಲಿ ಎದ್ದ ತಕ್ಷಣ ಟಕಟಕ ಎನ್ನುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಹಿಂದಿನ ಎಡಗಡೆಯ ಗಾಜು ಇಳಿಸಿದರೆ ಏರುವುದಿಲ್ಲ, ಇಳಿಸಲೇಬಾರದು. ಮಗಳ ಮದುವೆಗೆ ಸಂಬಂಧ ಬಂದಾಗ ಅವಳ ಸಿಟ್ಟು, ಹಟ ಎಲ್ಲವನ್ನೂ ಮೊದಲೇ ಹೇಳಿಬಿಡುವ ತಂದೆಯ ಹಾಗೆ, ಒಂದನ್ನೂ ಬಿಡದೆ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ.

ಜಯಕರನ ಜೀವಮಾನದಲ್ಲಿ ಯಾರೂ ಒಂದು ವಸ್ತುವಿನ ಇಷ್ಟು ದೋಷಗಳನ್ನು ಅವನು ಹುಡುಕುವ ಮೊದಲೇ ಕೈಗಿಟ್ಟಿರಲಿಲ್ಲ. ಹುಡುಕಲು ಏನೂ ಉಳಿಯದೆ ಅವನಿಗೆ ವಿಚಿತ್ರವಾದ ಹಗುರ ಅನ್ನಿಸಿತು. ಬೂದು ಕಾರಿನಲ್ಲಿ ಒಂದು ದೋಷವೂ ಸಿಕ್ಕಿರಲಿಲ್ಲ. ಅಂಥದ್ದನ್ನು ನಂಬುವುದು ಹೇಗೆ? ಅಂಗಡಿಗೆ ಮರಳಿ ನೀಲಿಯದಕ್ಕೇ ಕೈ ಕುಲುಕಿದ.

"ಇನ್ನೊಬ್ಬ ಗಿರಾಕಿ ಇದ್ದಾನೆ ಎಂದು ಆವತ್ತೇ ಹೇಳಿರಲಿಲ್ಲವೇ, ಮೆನೇರ್?" ಎಂದ ತೋನ್. ನಿಜ ಹೇಳಿಯೂ ನಂಬಿಸಲಾಗದ ನೋವು ಅವನ ಮುಖದಲ್ಲಿತ್ತು.

ಪೂಜೆಯನ್ನು ಅರವಿಂದನೇ ಮಾಡಿದ. ಹಳೆಯ ಬೊಟ್ಟುಗಳ ಮೇಲೆಯೇ ಹೊಸ ಬೊಟ್ಟು ಇಟ್ಟ. ಶನಿವಾರ ಬೆಳಿಗ್ಗೆ, ಎಣ್ಣೆ ಎಷ್ಟಿದೆ ನೋಡಿ ಹೋಗ್ತೀನಿ ಎಂದು ಅವನು ಬರುವುದೂ, ಎಣ್ಣೆ ನೋಡುವುದಕ್ಕೆ ಬೆಲ್ಜಿಯಂವರೆಗೆ ಹೋಗಬೇಕಾಗುವುದೂ, ಜಯಕರ ಏನೂ ಕೇಳದಿರುವುದೂ ರೂಢಿಯಾಯಿತು. ಆಮೇಲೆ ಜಯಕರ ಬಾನೆಟ್ ಮುಟ್ಟಿ ನೋಡುತ್ತಿದ್ದ. ಬೆಚ್ಚಗಿರುತ್ತಿತ್ತು. ಸರಿ, ಎಂದುಕೊಳ್ಳುತ್ತಿದ್ದ.

ಚಳಿಗಾಲದಲ್ಲಿ ಅರವಿಂದ ರಜೆ ಹಾಕಿ ಮೈಸೂರಿಗೆ ಹೋದ. ಒಂದು ಬುಧವಾರ ಆಫೀಸಿನಿಂದ ಬಂದ ಜಯಕರ, ಸೈಕಲ್ ನಿಲ್ಲಿಸಿ, ಅಭ್ಯಾಸಬಲದಿಂದ ಬಾನೆಟ್ಟಿನ ಮೇಲೆ ಅಂಗೈ ಇಟ್ಟ.

ಬೆಚ್ಚಗಿತ್ತು.

ಸೀಟು ಸ್ಟಿಯರಿಂಗಿನ ಹತ್ತಿರಕ್ಕೆ ಸರಿದಿತ್ತು. ಅಡುಗೆಮನೆಯಲ್ಲಿ ಕ್ಷಮಾ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದಳು. ಇಡೀ ಐಂಡ್‌ಹೋವನ್‌ನಲ್ಲಿ ಕೊತ್ತಂಬರಿ ಮುಗಿದುಹೋದಂತೆ, ಚೀಲದ ಮೇಲೆ ಬೆಲ್ಜಿಯಂನ ಆಂಟ್‌ವರ್ಪಿನ ಅಂಗಡಿಯೊಂದರ ಹೆಸರಿತ್ತು.

"ಎಂತ ಹಾಗೆ ನೋಡುದು?" ಎಂದಳು. "ಎರಡಕ್ಕೂ ಚಕ್ರ ನಾಲ್ಕೇ ಅಂತ ನಾನು ಹೇಳಿದ್ದು ಹೌದು. ಸ್ವರ ಒಂದೇ ಅಂತ ಹೇಳಿದ್ದೆನಾ?"